ಮೂರು ಗಂಟೆ ಮುಂದಿನ ಗಡಿಯಾರ

ಪರಾನಾ,
ಗುರುವಾರ, ೨೪ ಏಪ್ರಿಲ್ ೨೦೧೪

ಪ್ರೀತಿಯ ನೊಯೆಮಿ,

ಇವತ್ತು ಬೆಳಿಗ್ಗೆ ಎಂಟು ಗಂಟೆಗೆ ಕಂಪ್ಯೂಟರ್ ಹಾಕಿದಾಗ ಅದರ ಮೂಲೆಯ ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ನಿನ್ನೆ ಬೆಳಿಗ್ಗೆ ನಾನೇ ಸರಿಮಾಡಿದ್ದೆ. ಮೊನ್ನೆಯೂ ಸರಿಮಾಡಿದ್ದೆ. ಕಿಟಕಿಯ ಹೊರಗೆ ಮಕ್ಕಳು ಬಿಳಿ ಮೇಲಂಗಿ ತೊಟ್ಟು ಶಾಲೆಗೆ ಹೋಗುತ್ತಿದ್ದರು, ಎದುರಿನ ಬೇಕರಿಯವನು ಆಗಷ್ಟೇ ಬಾಗಿಲು ಎತ್ತುತ್ತಿದ್ದ. ಒಳಗೆ ಆ ಪೆಟ್ಟಿಗೆಯಲ್ಲಿ ಮಾತ್ರ ಬೆಳಗೇ ಮುಗಿಯುತ್ತ ಬಂದಿತ್ತು.

ನೋಡು, ಮೊದಲು ಕ್ಷಮೆ ಕೇಳಬೇಕಾದವಳು ಗಡಿಯಾರದ ಮಾತು ಎತ್ತಿಬಿಟ್ಟೆ. ನಿನ್ನ ಫೆಬ್ರವರಿಯ ಪತ್ರಕ್ಕೆ ಏಪ್ರಿಲ್ ಮುಗಿಯುವಾಗ ಉತ್ತರ ಬರೆಯುತ್ತಿದ್ದೇನೆ. ಬೈದುಕೊಂಡಿದ್ದರೆ ಸರಿಯಾಗಿಯೇ ಬೈದುಕೊಂಡಿದ್ದೀಯ. ದಕ್ಷಿಣದ ಆ ಗಾಳಿಯ ಊರಿನಲ್ಲಿ ನಿನ್ನ ಹನ್ನೊಂದು ಮಕ್ಕಳ ಶಾಲೆ, ಒಲೆ ಆರಿಹೋದ ದಿನ ಎಲ್ಲರೂ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತು ಪಾಠ ಓದಿದ್ದು, ಎಲ್ಲವನ್ನೂ ಗ್ರಂಥಾಲಯದ ಮೇಜಿನ ಹಿಂದೆ ಕೂತು ಎರಡೆರಡು ಸಲ ಓದಿದೆ. ನಾನು ಇನ್ನೂ ಅದೇ ಪುರಸಭೆಯ ಗ್ರಂಥಾಲಯದಲ್ಲಿದ್ದೇನೆ. ಬೆಳಿಗ್ಗೆ ಕೆಲಸ, ಮಧ್ಯಾಹ್ನ ಮನೆ. ಯಾರಾದರೂ ಪುಸ್ತಕ ಕೇಳಿದರೆ ನನಗೆ ಈಗಲೂ ಕಿವಿ ಕೆಂಪಾಗುತ್ತದೆ.

ಇದನ್ನು ಕೈಯಲ್ಲಿ ಬರೆಯುತ್ತಿರುವುದಕ್ಕೆ ನಿನ್ನೂರಿನಲ್ಲಿ ಇಂಟರ್‌ನೆಟ್ ಇಲ್ಲದಿರುವುದು ಒಂದೇ ಕಾರಣವಲ್ಲ. ಈಚೆಗೆ ಆ ಯಂತ್ರದ ಮುಂದೆ ಕೂತು ಏನು ಬರೆದರೂ, ನಾನು ಎದ್ದುಹೋದ ಮೇಲೆ ಯಾರೋ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾರೆ ಅನ್ನಿಸುತ್ತದೆ. ನಗಬೇಡ. ಪೂರ್ತಿ ಓದಿದ ಮೇಲೆ ಬೇಕಾದರೆ ನಗು.

ಅಪ್ಪ ನಿನಗೆ ನೆನಪಿರಬೇಕು. ಟೆಲಿಫೋನ್ ಕಂಬ ಹತ್ತಿ ಹತ್ತಿ ಮೊಣಕಾಲು ಸವೆಸಿಕೊಂಡು ನಿವೃತ್ತನಾದವನು. ನೀನು ಮನೆಗೆ ಬಂದಾಗಲೆಲ್ಲ ಹಿಡಿದು ಕೂರಿಸಿಕೊಳ್ಳುತ್ತಿದ್ದ. "ನಿನ್ನ ಕಂಪ್ಯೂಟರಿನ ಒಳಗೆ ಏನು ನಡೀತಿದೆ ಅಂತ ನಿನಗೆ ಗೊತ್ತೇನಮ್ಮ? ಅದನ್ನ ಮಾರಿದ ಕಂಪನಿಗೆ ಗೊತ್ತು, ನಿನಗೆ ಗೊತ್ತಿಲ್ಲ. ಹಾಗಿದ್ಮೇಲೆ ಅದು ನಿನ್ನದು ಹೇಗಾಯ್ತು?" ನೀನು ಪಾಪ ಬಿಸ್ಕತ್ತು ಬಾಯಲ್ಲಿಟ್ಟುಕೊಂಡು ತಲೆಯಾಡಿಸುತ್ತಿದ್ದೆ. ಯಾರ ಸ್ವತ್ತೂ ಅಲ್ಲದ, ಯಾರು ಬೇಕಾದರೂ ಬಿಚ್ಚಿ ನೋಡಿ, ತಿದ್ದಿ, ಪಕ್ಕದವರಿಗೆ ಹಂಚಬಹುದಾದ ವ್ಯವಸ್ಥೆಯೊಂದಿದೆ, ಅದನ್ನು ಹಾಕಿಕೊಳ್ಳಿ ಎಂದು ಊರಿಗೆಲ್ಲ ಹೇಳುತ್ತಿದ್ದ. ಪ್ರತಿ ಏಪ್ರಿಲ್‌ನಲ್ಲಿ ಅವನ ಗುಂಪಿನವರು ಒಂದು ಶನಿವಾರ ಹಬ್ಬದ ಹಾಗೆ ಸೇರುತ್ತಾರಲ್ಲ, ಜನ ಮನೆಯ ಕಂಪ್ಯೂಟರ್ ಹೊತ್ತು ತರುತ್ತಾರೆ, ಅವರು ಪುಕ್ಕಟೆಯಾಗಿ ಹೊಸ ವ್ಯವಸ್ಥೆ ಹಾಕಿಕೊಡುತ್ತಾರೆ. ಅಪ್ಪನಿಗೆ ಅದು ಕ್ರಿಸ್‌ಮಸ್ಸಿಗಿಂತ ದೊಡ್ಡದು.

ನಮ್ಮ ಮನೆಯದಕ್ಕೆ ಮಾತ್ರ ನಾವು ಬಿಡಲಿಲ್ಲ. ಅಮ್ಮನಿಗೆ ಅವಳ ಇಸ್ಪೀಟಿನ ಆಟ ಹೋಗುತ್ತದೆಂಬ ಭಯ, ನನಗೆ ನನ್ನ ಪ್ರಬಂಧ ಹೋಗುತ್ತದೆಂಬ ಭಯ. "ಸರಿ, ನಿಮ್ಮದನ್ನ ನಾನು ಮುಟ್ಟಲ್ಲ" ಎಂದು ಒಂದು ದಿನ ಕೈಯೆತ್ತಿ ಆಣೆ ಮಾಡಿದ. ಆಮೇಲೆ ಆ ಮಾತೇ ಎತ್ತಲಿಲ್ಲ.

ಅಪ್ಪ ತೀರಿಕೊಂಡು ಹದಿನಾರು ತಿಂಗಳಾಯಿತು. ಆ ಡಿಸೆಂಬರಿನ ಮಧ್ಯಾಹ್ನ ಎರಡೂವರೆಗೆ ಅವನು ಆಸ್ಪತ್ರೆಯಿಂದ ನನಗೆ ಫೋನ್ ಮಾಡಿದ್ದ. ಅಮ್ಮ ಆಗ ಡಾಕ್ಟರನ್ನು ಹುಡುಕಿಕೊಂಡು ಹೊರಗೆ ಹೋಗಿದ್ದಳು. ನಾನು ಪರೀಕ್ಷೆಯಲ್ಲಿದ್ದೆ, ಅದು ನಿನಗೆ ಗೊತ್ತು. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದರು. ಅವನು ಏನು ಹೇಳಲು ಕರೆದಿದ್ದ ಎಂಬುದು ಯಾರಿಗೂ ಗೊತ್ತಿಲ್ಲ. ಅಂದಿನಿಂದ ನಾನು ಕಳ್ಳಿಯ ಹಾಗೆ ಹುಡುಕುತ್ತಿದ್ದೇನೆ: ಅವನ ಪೆಟ್ಟಿಗೆ, ಕೋಟಿನ ಜೇಬು, ಹಳೆಯ ಲೈನ್ ನಕ್ಷೆಗಳ ಹಿಂಬದಿ, ಕಂಪ್ಯೂಟರಿನ ಒಂದೊಂದು ಕಡತ. ಇಷ್ಟು ಮಾತಾಡುವ ಮನುಷ್ಯ ನನಗಾಗಿ ಒಂದು ಸಾಲು ಬಿಟ್ಟುಹೋಗಿರುವುದಿಲ್ಲವೇ? ಏನೂ ಸಿಕ್ಕಿಲ್ಲ.

ಈಗ ಹೇಳಬೇಕಾದದ್ದು. ನಮ್ಮ ಕಡೆ ಮಧ್ಯಾಹ್ನದ ನಿದ್ದೆಯ ಹೊತ್ತು ಹೇಗಿರುತ್ತದೆ ಎಂದು ನೀನು ಮರೆತಿರಲಾರೆ. ಎರಡರಿಂದ ನಾಲ್ಕರವರೆಗೆ ಬೀದಿಯಲ್ಲಿ ನಾಯಿಯೂ ನಡೆಯುವುದಿಲ್ಲ. ಆ ಹೊತ್ತಿನಲ್ಲಿ ನನಗೆ ಮುಂದಿನ ಕೋಣೆಯಿಂದ ಕೀಲಿಮಣೆಯ ಸದ್ದು ಕೇಳಿಸುತ್ತದೆ. ಟಕ್. ಸ್ವಲ್ಪ ಬಿಟ್ಟು, ಟಕ್. ಅಪ್ಪ ಒಂದೇ ಬೆರಳಿನಲ್ಲಿ ಹೊಡೆಯುತ್ತಿದ್ದ ಹಾಗೆ. ಬರಿಗಾಲಲ್ಲಿ ಎದ್ದು ಹೋದರೆ ಯಾರೂ ಇರುವುದಿಲ್ಲ. ಪರದೆ ಕಪ್ಪಗಿರುತ್ತದೆ, ಅಮ್ಮ ಹೆಣೆದ ಮುಸುಕು ಅದರ ಮೇಲೆ ನೀಟಾಗಿರುತ್ತದೆ. ಪೆಟ್ಟಿಗೆಯ ಬೆನ್ನಿಗೆ ಕೈ ಇಟ್ಟರೆ ಮಾತ್ರ ಬೆಚ್ಚಗೆ, ಮಲಗಿದ ಪ್ರಾಣಿಯ ಹೊಟ್ಟೆಯ ಹಾಗೆ. ಅಮ್ಮನ ಕೋಣೆಗೆ ಇಣುಕಿದರೆ ಅವಳು ಗೋಡೆಯ ಕಡೆ ತಿರುಗಿ ಮಲಗಿರುತ್ತಾಳೆ.

ಪಕ್ಕದ ಮನೆಯ ದೋನ್ಯಾ ಎರ್ಸಿಲಿಯಾಗೆ ಬಾಯಿತಪ್ಪಿ ಹೇಳಿದೆ. ಅವಳು ಬೇಲಿಯ ಮೇಲೆ ಮೊಣಕೈ ಊರಿ ಪಿಸುಗುಟ್ಟಿದಳು: "ಅದು ಸೊಲಾಪಾ ಕಣೇ. ಈ ಹೊತ್ತಲ್ಲೇ ಅವಳು ಓಡಾಡೋದು."

"ಸೊಲಾಪಾ ಮಕ್ಕಳನ್ನ ಹಿಡಿಯೋ ದೆವ್ವ ಅಂತೀರಲ್ಲ. ಅವಳಿಗೆ ಟೈಪಿಂಗ್ ಯಾಕೆ?"

"ಕಾಲ ಬದಲಾಗಿದೆ. ಈಗಿನ ಮಕ್ಕಳು ಎಲ್ಲಿರ್ತಾವೆ? ಕಂಪ್ಯೂಟರ್ ಮುಂದೇನೇ ತಾನೆ?" ಎಂದು ಗಂಭೀರವಾಗಿ ಹೇಳಿದಳು. ಆಮೇಲೆ ದನಿ ತಗ್ಗಿಸಿ, "ನಿಮ್ಮಮ್ಮನ್ನ ನೋಡ್ಕೋ. ಮೊನ್ನೆ ಮಾತೆ ಕಷಾಯಕ್ಕೆ ಸಕ್ಕರೆ ಬೇಡ ಅಂದ್ಲು" ಎಂದಳು.

ಅದು ನಿಜ. ಮೂವತ್ತು ವರ್ಷ ಸಕ್ಕರೆ ಹಾಕದೆ ಮಾತೆ ಕುಡಿಯದ ಅಮ್ಮ ಈಗ ಅದನ್ನು ಕಹಿಯಾಗಿಯೇ ಹೀರುತ್ತಾಳೆ. ಅಪ್ಪ ಕುಡಿಯುತ್ತಿದ್ದ ಹಾಗೆ. ಕೇಳಿದರೆ, "ರುಚಿ ಬದಲಾಗತ್ತೆ ಮಗಳೇ" ಎನ್ನುತ್ತಾಳೆ.

ಈ ತಿಂಗಳಿಂದ ನಮ್ಮ ಯಂತ್ರದ ಹಳೆಯ ವ್ಯವಸ್ಥೆಗೆ ಕಂಪನಿಯವರು ರಕ್ಷಣೆ ನಿಲ್ಲಿಸಿದ್ದಾರೆ. ಹಾಗಾಗಿ ಈ ಶನಿವಾರ ಅದನ್ನು ಹಬ್ಬಕ್ಕೆ ಹೊತ್ತೊಯ್ದು ಅಪ್ಪ ಬೇಡಿದ್ದನ್ನು ಹಾಕಿಸಿಬಿಡೋಣ ಅಂದುಕೊಂಡಿದ್ದೇನೆ. ಹಳೆಯದನ್ನೆಲ್ಲ ಅಳಿಸಿ ಹೊಸದು. ಸದ್ದೂ ನಿಲ್ಲಬಹುದು, ಗಡಿಯಾರವೂ ಸರಿಹೋಗಬಹುದು. ಅಮ್ಮನಿಗೆ ಹೇಳಿದಾಗ ಅವಳು ಬಟಾಣಿ ಬಿಡಿಸುತ್ತಿದ್ದಳು.

"ಇದ್ದ ಹಾಗೆ ಇರ್ಲಿ ಬಿಡು. ನಾನಂತೂ ಅದನ್ನ ಮುಟ್ಟಲ್ಲ. ನಿನ್ನೊಬ್ಬಳಿಗೆ ಸಾಲಲ್ವಾ?"

"ಅಪ್ಪನಿಗೆ ಆಸೆ ಇತ್ತು ಅಮ್ಮ."

ಅವಳು ಇನ್ನೊಂದು ಬಟಾಣಿಕಾಯಿ ಬಿಡಿಸಿದಳು. ಆಮೇಲೆ, "ಎಲ್ಲಾ ಅಳಿಸ್ತಾರಾ?" ಎಂದು ಕೇಳಿದಳು. ಊಟಕ್ಕೆ ಕೂತಾಗ ಮತ್ತೆ ಅದನ್ನೇ ಕೇಳಿದಳು.

ನನಗೂ ಅದೇ ಭಯ, ನೊಯೆಮಿ. ನಾನು ನೋಡದ ಯಾವುದೋ ಮೂಲೆಯಲ್ಲಿ ಅಪ್ಪನ ಮಾತು ಇದ್ದು, ಅದನ್ನು ನನ್ನ ಕೈಯಾರೆ ಅಳಿಸಿಬಿಟ್ಟರೆ?

ನಿನ್ನ ಮಕ್ಕಳಿಗೆ ಬೆಚ್ಚಗಿನ ಚಳಿಗಾಲ ಸಿಗಲಿ.

ನಿನ್ನ,
ಸೆಲಿನಾ

*

ಪರಾನಾ,
ಮಂಗಳವಾರ, ೨೯ ಏಪ್ರಿಲ್ ೨೦೧೪

ಪ್ರೀತಿಯ ನೊಯೆಮಿ,

ಹಿಂದಿನ ಪತ್ರಕ್ಕೆ ಎರಡು ತಿಂಗಳು ತಡಮಾಡಿದವಳು ಈ ಪತ್ರವನ್ನು ಐದೇ ದಿನಕ್ಕೆ ಬರೆಯುತ್ತಿದ್ದೇನೆ. ಎರಡೂ ಒಟ್ಟಿಗೆ ನಿನ್ನ ಕೈಸೇರಿದರೂ ಆಶ್ಚರ್ಯವಿಲ್ಲ. ಬಸ್ಸು ತಪ್ಪಿಸಿಕೊಂಡ ಪತ್ರಗಳ ಗತಿ ಅದೇ. ಮೊದಲನೆಯದನ್ನು ಮೊದಲು ಓದು.

ಶನಿವಾರ ಬೆಳಿಗ್ಗೆ ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಸುತ್ತಿ ಟ್ಯಾಕ್ಸಿಯಲ್ಲಿ ಮಡಿಲ ಮೇಲಿಟ್ಟುಕೊಂಡು ಹೋದೆ. ಹಬ್ಬ ಒಂದು ಹಳೆಯ ಕ್ಲಬ್ಬಿನ ಸಭಾಂಗಣದಲ್ಲಿತ್ತು. ಜನ ಕಂಪ್ಯೂಟರುಗಳನ್ನು ಕಂಬಳಿಯಲ್ಲಿ, ಟವೆಲಿನಲ್ಲಿ ಸುತ್ತಿಕೊಂಡು ಸಾಲಾಗಿ ನಿಂತಿದ್ದರು, ಕೂಸುಗಳಿಗೆ ಚುಚ್ಚುಮದ್ದು ಹಾಕಿಸಲು ಬಂದವರ ಹಾಗೆ. ಒಂದೊಂದು ಯಂತ್ರಕ್ಕೆ ಹೊಸ ವ್ಯವಸ್ಥೆ ಹಾಕಿ ಮುಗಿದಾಗ ಒಬ್ಬರು ಹಸುವಿನ ಗಂಟೆ ಅಲ್ಲಾಡಿಸುತ್ತಿದ್ದರು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾಚಿಕೆಯಿಂದ ನಾನು ಕಂಬದ ಮರೆಗೆ ನಿಂತೆ.

ನನ್ನ ಪಾಲಿಗೆ ಬಂದವಳು ಗ್ರಿಸೆಲ್ದಾ. ಅರವತ್ತರ ಹತ್ತಿರದ ದಪ್ಪ ಹೆಂಗಸು, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾತೆ ಕುಡಿಯುವ ಸೋರೆಬುರುಡೆ. ಚೀಟಿಯ ಮೇಲೆ ನನ್ನ ಹೆಸರು ಓದಿ ಕನ್ನಡಕ ಮೇಲೆತ್ತಿದಳು.

"ನೀನು ಔರೆಲಿಯೊ ಮಗಳಲ್ವೇನೇ? ನಿಮ್ಮಪ್ಪ ಈ ಊರಿನ ಅರ್ಧ ಮಷೀನಿಗೆ ಕೈ ಹಾಕಿದ್ದಾನೆ. ತನ್ನ ಮನೇದಕ್ಕೆ ಮಾತ್ರ ಹೆಂಡತಿ ಮಗಳು ಬಿಡಲ್ಲ ಅಂತ ಹತ್ತು ವರ್ಷ ನಮ್ಮ ತಲೆ ತಿಂದ. ಈಗ ಬಂದ್ಯಲ್ಲ, ಅವನಿದ್ದಿದ್ರೆ ಗಂಟೆ ಕಿತ್ತುಬರೋ ಹಾಗೆ ಅಲ್ಲಾಡಿಸ್ತಿದ್ದ. ಬಾ, ಇದಕ್ಕೊಂದು ರುಜು ಹಾಕು."

ಅದು ಅಲ್ಲಿಯ ಪದ್ಧತಿ. ನನ್ನದೆಲ್ಲವನ್ನೂ ಬೇರೆ ಕಡೆ ನಕಲು ಮಾಡಿಟ್ಟುಕೊಂಡಿದ್ದೇನೆ, ಕಳೆದುಹೋದದ್ದಕ್ಕೆ ಯಾರನ್ನೂ ದೂರುವುದಿಲ್ಲ ಎಂದು ಬರೆದ ಹಾಳೆ. ನಾನು ಪೆನ್ನು ಹಿಡಿದು ನಿಂತುಬಿಟ್ಟೆ. ಅವಳು ಸೂಕ್ಷ್ಮ ಗಮನಿಸಿದಳೋ ಏನೋ, "ಯಂತ್ರಕ್ಕೆ ಏನು ಕಾಯಿಲೆ, ಅದನ್ನಾದ್ರೂ ಹೇಳು" ಎಂದಳು.

"ಗಡಿಯಾರ ಮುಂದೆ ಓಡತ್ತೆ. ಬೆಳಿಗ್ಗೆ ಹಾಕಿದಾಗೆಲ್ಲ ಮೂರು ಗಂಟೆ ಮುಂದೆ ಇರತ್ತೆ. ಒಳಗಿನ ಬ್ಯಾಟರಿ ಹೋಗಿರಬೇಕು."

"ಯಾವಾಗ್ಲೂ ಮೂರೇನಾ?"

"ಮೂರೇ."

ಅವಳು ಬುರುಡೆಯನ್ನು ಮೇಜಿನ ಮೇಲಿಟ್ಟಳು. "ಬ್ಯಾಟರಿ ಸತ್ರೆ ಗಡಿಯಾರ ಎಲ್ಲೋ ಹಳೇ ವರ್ಷಕ್ಕೆ ಹೋಗಿ ಬೀಳತ್ತೆ ಹುಡುಗಿ. ಲೆಕ್ಕ ಇಟ್ಟ ಹಾಗೆ ಮೂರೇ ಗಂಟೆ ಮುಂದೆ ಹೋಗಲ್ಲ. ಕೇಳು. ನಿಮ್ಮನೇ ಈಗಿನ ವ್ಯವಸ್ಥೆ, ಯಂತ್ರದ ಒಳಗೆ ಇರೋ ಗಡಿಯಾರ ನಮ್ಮೂರಿನ ಹೊತ್ತೇ ಹೇಳತ್ತೆ ಅಂತ ನಂಬತ್ತೆ. ನಮ್ಮದು ಹಾಗಲ್ಲ. ಅದು ಒಳಗೆ ಇಡೀ ಲೋಕಕ್ಕೆ ಒಂದೇ ಅಂತ ಇರೋ ಹೊತ್ತು ಇಟ್ಟು, ತೋರಿಸುವಾಗ ಮೂರು ಗಂಟೆ ಕಳೀತದೆ. ನಾವು ಅದಕ್ಕಿಂತ ಮೂರು ಗಂಟೆ ಹಿಂದೆ ಅಲ್ವಾ? ಒಂದೇ ಪೆಟ್ಟಿಗೇಲಿ ಎರಡೂ ಇದ್ರೆ, ನಮ್ಮದು ಕೂತೆದ್ದು ಹೋದ ಮೇಲೆ ಇನ್ನೊಂದರ ಗಡಿಯಾರ ಮೂರು ಗಂಟೆ ಮುಂದೆ ಇರತ್ತೆ."

"ಆದ್ರೆ ನಮ್ಮನೇಲಿ ನಿಮ್ಮದು ಇಲ್ವಲ್ಲ."

"ಇದೆ" ಎಂದಳು ಗ್ರಿಸೆಲ್ದಾ. "ಮತ್ತೆ ಅದನ್ನ ಯಾರೋ ದಿನಾ ಹಾಕ್ತಿದ್ದಾರೆ."

ನೊಯೆಮಿ, ಆ ಸಭಾಂಗಣದಲ್ಲಿ ಇನ್ನೂರು ಜನ ಇದ್ದರು, ಹೊರಗೆ ಬಿಸಿಲಿತ್ತು. ಆದರೂ ನಾನು ಹಿಂದೆ ತಿರುಗಿ ನೋಡಿದೆ.

ಅವಳು ತನ್ನ ಪೆನ್ ಡ್ರೈವ್ ಸಿಕ್ಕಿಸಿ ಯಂತ್ರವನ್ನು ಎಬ್ಬಿಸಿದಳು. ಡಿಸ್ಕಿನ ಚಿತ್ರ ಒಂದು ಉದ್ದನೆಯ ಪಟ್ಟಿಯಾಗಿ ಬಂತು. ನಮಗೆ ಗೊತ್ತಿದ್ದದ್ದು ದೊಡ್ಡ ಭಾಗ. ಅದರ ತುದಿಯಲ್ಲಿ ಮನೆಯ ಹಿತ್ತಿಲಿಗೆ ಕಟ್ಟಿದ ಕೋಣೆಯಷ್ಟು ಇನ್ನೊಂದು ಭಾಗ. ಹಳೆಯ ವ್ಯವಸ್ಥೆಯ ಕಣ್ಣಿಗೆ ಅದು ಕಾಣುವುದೇ ಇಲ್ಲವಂತೆ. ಯಂತ್ರ ಏಳುವಾಗ ಒಂದು ಕೀಲಿ ಒತ್ತಿ ಹಿಡಿದರೆ ಮಾತ್ರ ಅದರ ಬಾಗಿಲು ತೆರೆಯುವಂತೆ ಮಾಡಿಟ್ಟಿದ್ದರು.

"ಕಳ್ಳ ಮುದುಕ" ಎಂದು ಗ್ರಿಸೆಲ್ದಾ ನಕ್ಕಳು. "ನಿಮ್ಮದನ್ನ ಮುಟ್ಟಲ್ಲ ಅಂದ, ಮುಟ್ಟಲಿಲ್ಲ. ಪಕ್ಕದಲ್ಲಿ ತಂದು ಕಟ್ಟಿಕೊಂಡ." ನಗುತ್ತಲೇ ಒಳಗೆ ಹೋದಳು. ಬಳಕೆದಾರನ ಹೆಸರು ಔರೆಲಿಯೊ. ಒಳಗೆ ಒಂದೇ ಕಡತಕೋಶ, ಅದರ ಹೆಸರು 'ಸೆಲಿಗೆ'. ಅದರಲ್ಲಿ ನಾನೂರ ಹನ್ನೆರಡು ಪತ್ರಗಳು. ತೀರ ಈಚಿನದರ ಮುಂದೆ ಬರೆದಿತ್ತು: ಶುಕ್ರವಾರ, ೨೫ ಏಪ್ರಿಲ್, ಮಧ್ಯಾಹ್ನ ಎರಡು ಐವತ್ತು. ಅಂದರೆ ಹಿಂದಿನ ದಿನ.

ಗ್ರಿಸೆಲ್ದಾಳ ನಗು ನಿಂತಿತು. ಅವಳು ಅಪ್ಪನ ಶವಸಂಸ್ಕಾರಕ್ಕೆ ಬಂದಿದ್ದವಳು.

"ಸತ್ತೋರು ಫೈಲು ಸೇವ್ ಮಾಡಲ್ಲ" ಎಂದಳು. "ಬದುಕಿರೋರೇ ಮಾಡಲ್ಲ." ಪರದೆಯನ್ನು ನನ್ನ ಕಡೆ ತಿರುಗಿಸಿ, ಫ್ಲಾಸ್ಕು ತುಂಬಿಸಿಕೊಂಡು ಬರುತ್ತೇನೆಂದು ಎದ್ದು ಹೋದಳು. ಫ್ಲಾಸ್ಕು ತುಂಬಿಯೇ ಇತ್ತು.

ಎಲ್ಲಕ್ಕಿಂತ ಹಳೆಯದನ್ನು ಮೊದಲು ತೆರೆದೆ. ೨ ಡಿಸೆಂಬರ್ ೨೦೧೨. ಅಪ್ಪ ಸಾಯುವ ಹನ್ನೊಂದು ದಿನ ಮೊದಲು, ಇನ್ನೂ ಮನೆಯಲ್ಲಿದ್ದಾಗ. ಅದರಲ್ಲಿ ಇದ್ದದ್ದು ಒಂದೇ ಪದ:

'ಸೆಲಿ:'

ಅಷ್ಟೇ. ನನ್ನನ್ನು ಸೆಲಿ ಎಂದು ಕರೆಯುತ್ತಿದ್ದವನು ಅವನೊಬ್ಬನೇ. ಹೆಸರು ಬರೆದು, ಮುಂದೆ ಏನು ಬರೆಯಬೇಕೆಂದು ಯೋಚಿಸಿ, ಸುಸ್ತಾಗಿ ಎದ್ದುಹೋಗಿರಬೇಕು.

ಎರಡನೆಯದು ಜನವರಿಯದು. ಅವನು ಮಣ್ಣಿಗೆ ಹೋಗಿ ಮೂರು ವಾರದ ಮೇಲಿನದು. 'ಸೆಲಿ: ನಾನು ಚೆನ್ನಾಗಿದ್ದೇನೆ, ನೀನೂ ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ಸಂಜೆ ಹೊರಗೆ ಹೋಗುವಾಗ ಸ್ವೆಟರ್ ತೆಗೆದುಕೊಂಡು ಹೋಗು.' ಅಪ್ಪ ತನ್ನ ಜನ್ಮದಲ್ಲಿ ಸ್ವೆಟರ್ ಎಂಬ ವಸ್ತುವನ್ನು ಗಮನಿಸಿದವನಲ್ಲ. ನಾನು ಅಲ್ಲೇ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ, ನಗಲೋ ಅಳಲೋ ತಿಳಿಯದೆ. ಅದು ಅಮ್ಮ. ಯಂತ್ರ ಮುಟ್ಟುವುದಿಲ್ಲ ಎನ್ನುವ ಅಮ್ಮ, ಒಂದೇ ಬೆರಳಿನಲ್ಲಿ. ಅವನು ಅವಳಿಗೆ ಗುಟ್ಟಾಗಿ ಕಲಿಸಿಬಿಟ್ಟಿದ್ದ.

ಅವನ ಆ ಒಂದು ಪದವನ್ನು ನೋಡಿ, ನಾನು ಹುಡುಕುತ್ತಿರುವುದನ್ನೂ ನೋಡಿ, ಉಳಿದ ಪತ್ರವನ್ನು ತಾನು ಬರೆದು ಮುಗಿಸಲು ಹೊರಟಿದ್ದಾಳೆ. ಸರಿಯಾಗಿ ಅವನದೇ ಅನ್ನಿಸುವ ಒಂದು ಪತ್ರ ಆದ ದಿನ ಅದನ್ನು ನನಗೆ ಸಿಗುವಂತೆ ಮಾಡಬೇಕೆಂದಿದ್ದಾಳೆ. ಅನ್ನಿಸುವವರೆಗೆ ಮತ್ತೆ ಮತ್ತೆ.

ಎಲ್ಲವನ್ನೂ ನಕಲು ಮಾಡಿಕೊಂಡೆ. ಗ್ರಿಸೆಲ್ದಾ ಬಂದು ಏನನ್ನೂ ಕೇಳದೆ, "ಎಲ್ಲಾ ಅಳಿಸಿ ಹಾಕಲಾ, ಇದನ್ನ ಉಳಿಸಿ ಹಾಕಲಾ?" ಎಂದಳು. ಇದನ್ನು ಉಳಿಸಿ, ಹಳೆಯದನ್ನು ಅಳಿಸಿ ಎಂದೆ. ಆಮೇಲೆ ಹಾಳೆಗೆ ರುಜು ಹಾಕಿದೆ. ಗಂಟೆ ಬಾರಿಸಿದಾಗ ನನಗೆ ಕೇಳಿಸಲಿಲ್ಲ.

ಮನೆಗೆ ತಂದು ಜೋಡಿಸಿ ಹಾಕಿದೆ. ನೀಲಿ ಪರದೆಯ ಮೇಲೆ ಎರಡು ಹೆಸರು, ಒಂದರ ಕೆಳಗೊಂದು: ಸೆಲಿನಾ, ಔರೆಲಿಯೊ. ಗಡಿಯಾರ ಸರಿಯಾಗಿತ್ತು. ಅಮ್ಮ ಒದ್ದೆ ಕೈಯಲ್ಲಿ ಬಾಗಿಲಲ್ಲೇ ನಿಂತಿದ್ದಳು.

"ನಿಮ್ಮಪ್ಪನ ಹೆಸರು ಹೇಗೆ ಬಂತು?"

"ಅಲ್ಲೇ ಇತ್ತಂತೆ. ಅಪ್ಪ ಒಂದು ಮೂಲೆ ಮಾಡಿಟ್ಕೊಂಡಿದ್ನಂತೆ."

"ಹೌದಾ" ಎಂದಳು. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಕಣ್ಣು ನನ್ನ ಮೇಲಿರಲಿಲ್ಲ. "ಹಾಗಾದ್ರೆ ಒಳಗೆ ನೋಡು ಯಾವಾಗ್ಲಾದ್ರೂ. ಏನಾದ್ರೂ ಬಿಟ್ಟಿರಬಹುದು. ಈಗ್ಲೇ ಬೇಡ. ಇನ್ನೊಂದೆರಡು ವಾರ ಬಿಟ್ಟು."

ಇನ್ನೂ ಎರಡು ವಾರದ ಕೆಲಸ ಬಾಕಿ ಇದೆ ಎಂದು ಅದರ ಅರ್ಥ.

ಭಾನುವಾರ ಪೂರ್ತಿ ನಕಲುಗಳನ್ನು ಓದಿದೆ, ಗ್ರಂಥಾಲಯದ ಬೀಗ ತೆಗೆದು ಒಬ್ಬಳೇ ಕೂತು. ಶೈಲಿ ಎಂದರೇನು ಎಂದು ನಾವಿಬ್ಬರೂ ಐದು ವರ್ಷ ಓದಿದೆವಲ್ಲ, ಯಾರೂ ನಮಗೆ ಇದನ್ನು ಕಲಿಸಿರಲಿಲ್ಲ. ಮೊದಲ ನೂರು ಪತ್ರಗಳಲ್ಲಿ ಅಮ್ಮ ಅಪ್ಪನ ಕೋಟು ತೊಟ್ಟು ನಿಂತ ಹಾಗಿದೆ, ತೋಳು ಉದ್ದ. ಇನ್ನೂರರ ಹೊತ್ತಿಗೆ ಸ್ವೆಟರ್ ಮಾಯವಾಗುತ್ತದೆ. ಇನ್ನೂರ ನಲವತ್ತರಲ್ಲಿ ಅವನ ಒಂದು ಜೋಕು ಬರುತ್ತದೆ, ಸ್ವಲ್ಪ ತಪ್ಪಾಗಿ. ಇನ್ನೂರ ನಲವತ್ತೊಂದರಲ್ಲಿ ಅದೇ ಜೋಕು, ಸರಿಯಾಗಿ. ಮುನ್ನೂರು ದಾಟಿದ ಮೇಲೆ ವಾಕ್ಯಗಳು ಅವನು ಉಸಿರೆಳೆಯುತ್ತಿದ್ದ ಕಡೆ ನಿಲ್ಲತೊಡಗುತ್ತವೆ. ನಾನೂರನೆಯದು ಹೀಗೆ ಶುರುವಾಗುತ್ತದೆ: 'ಸೆಲಿ: ತಂತಿ ಎಲ್ಲಿ ಕಡಿದಿದೆ ಅಂತ ಕಂಬದ ಮೇಲೆ ಕೂತ್ರೆ ಗೊತ್ತಾಗಲ್ಲ, ಇಳಿದು ಕಂಬ ಕಂಬ ನಡೀಬೇಕು. ನಾನು ಈಗ ಸ್ವಲ್ಪ ದೂರ ನಡೆದು ಬಂದಿದ್ದೀನಿ, ಅಷ್ಟೇ.' ಅದನ್ನು ಗಟ್ಟಿಯಾಗಿ ಓದಿದೆ. ಅದು ಅಮ್ಮನಲ್ಲ, ನೊಯೆಮಿ. ಬರೆದವಳು ಅಮ್ಮ ಎಂದು ಗೊತ್ತಿದ್ದೂ ಹೇಳುತ್ತೇನೆ, ಅದು ಅಮ್ಮನಲ್ಲ.

ಪ್ರತಿಯೊಂದು ಪತ್ರದಲ್ಲೂ ಅವನು ಅಂದು ಆಸ್ಪತ್ರೆಯಿಂದ ಯಾಕೆ ಫೋನ್ ಮಾಡಿದ್ದ ಎಂದು ಹೇಳುತ್ತಾನೆ. ಪ್ರತಿ ಸಲವೂ ಬೇರೆ ಕಾರಣ. ಮನೆಯ ಚಪ್ಪಲಿ ತಾ ಎನ್ನಲು. ಪರೀಕ್ಷೆ ಚೆನ್ನಾಗಿ ಮಾಡು ಎನ್ನಲು. ಪಕ್ಕದ ಹಾಸಿಗೆಯವನ ಗೊರಕೆ ಕೇಳಿಸಲು. ಅಮ್ಮನಿಗೂ ಗೊತ್ತಿಲ್ಲ. ಅವಳು ಕೋಣೆಯಲ್ಲಿರಲಿಲ್ಲ. ಕಾರಣವನ್ನು ಹುಡುಕುತ್ತ ಹುಡುಕುತ್ತ ಹದಿನಾರು ತಿಂಗಳು ಅವಳು ಆ ಹಾಸಿಗೆಯ ಮೇಲೆ ಅವನ ಜಾಗದಲ್ಲಿ ಮಲಗಿದ್ದಾಳೆ.

ನಿನ್ನೆ ಮಧ್ಯಾಹ್ನ ಮತ್ತೆ ಸದ್ದು ಕೇಳಿಸಿತು. ನಾನು ಏಳಲಿಲ್ಲ. ಈಗ ಯಾರೆಂದು ಗೊತ್ತಿದೆ, ಭಯ ಹೋಗಬೇಕಿತ್ತು, ಹೋಗಲಿಲ್ಲ. ಬೆರಳು ಈಗ ವೇಗವಾಗಿದೆ, ತಡೆದು ಯೋಚಿಸುವುದು ಕಡಿಮೆಯಾಗಿದೆ. ಮತ್ತೆ ರಾತ್ರಿ ಊಟಕ್ಕೆ ಕೂತಾಗ ಅಮ್ಮ ಬ್ರೆಡ್ಡನ್ನು ಮುರಿದು ಸೂಪಿಗೆ ಹಾಕಿಕೊಂಡು, ತಟ್ಟೆಯಿಂದ ತಲೆ ಎತ್ತದೆ ಹೇಳಿದಳು:

"ಸೆಲಿ, ಉಪ್ಪು ಕೊಡು."

ಹುಟ್ಟಿದಂದಿನಿಂದ ಅವಳು ನನ್ನನ್ನು 'ಮಗಳೇ' ಎಂದಲ್ಲದೆ ಕರೆದದ್ದಿಲ್ಲ. ಏನು ಹೇಳಿದೆನೆಂಬುದು ಅವಳ ಗಮನಕ್ಕೂ ಬರಲಿಲ್ಲ. ನಾನು ಉಪ್ಪು ಕೊಟ್ಟೆ.

ಅವಳು ನನಗೋಸ್ಕರ ಅವನಾಗುತ್ತಿದ್ದಾಳೆ. ಪತ್ರ ಮುಗಿಯುವ ದಿನ ನನಗೆ ಅಪ್ಪ ಸಿಗುತ್ತಾನೆ. ಆಗ ಅಮ್ಮ ಎಷ್ಟು ಉಳಿದಿರುತ್ತಾಳೋ ಗೊತ್ತಿಲ್ಲ.

ನೀನು ಆರೋಗ್ಯವಾಗಿರು. ಒಲೆಗೆ ಕಟ್ಟಿಗೆ ಮೊದಲೇ ಕೂಡಿಟ್ಟುಕೋ. ನಿನ್ನ ಹನ್ನೊಂದು ಮಕ್ಕಳೂ ಓದು ಕಲಿತು ನಿನಗೇ ಪತ್ರ ಬರೆಯುವಂತಾಗಲಿ. ದೇವರು ನಿನ್ನನ್ನು ಆ ಗಾಳಿಯಲ್ಲಿ ಹಾರಿಹೋಗದಂತೆ ಹಿಡಿದಿರಲಿ.

ನಿನ್ನವಳೇ ಆದ,
ಸೆಲಿನಾ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ, ಮತ್ತೆ ಬಿಡಿಸಿದ್ದೇನೆ.

ಅಮ್ಮ ಬರೆದ ಆ ನಾನೂರ ಹನ್ನೊಂದು ಪತ್ರಗಳಲ್ಲಿ ಎಲ್ಲ ಬದಲಾಗುತ್ತದೆ, ಒಂದು ಸಾಲು ಮಾತ್ರ ಬದಲಾಗುವುದಿಲ್ಲ. 'ನೀನು ಪರೀಕ್ಷೆಯ ಕೊಠಡಿಯಲ್ಲಿದ್ದೆ, ಫೋನ್ ಚೀಲದಲ್ಲಿತ್ತು, ಅದು ನಿನ್ನ ತಪ್ಪಲ್ಲ.' ಅಮ್ಮನಿಗೆ ನಾನು ಹೇಳಿದ್ದು ಹಾಗೆ. ನಿನಗೂ ಹಾಗೇ ಹೇಳಿದೆ. ಹೋದ ವಾರದ ಪತ್ರದಲ್ಲೂ ಬರೆದೆ. ಆ ದಿನ ಮೌಖಿಕ ಪರೀಕ್ಷೆಗೆ ನಿನ್ನನ್ನು ಎರಡು ಗಂಟೆಗೆ ಒಳಗೆ ಕರೆದರು. ನನ್ನ ಸರದಿ ಬಂದದ್ದು ನಾಲ್ಕಕ್ಕೆ. ಎರಡೂವರೆಗೆ ನಾನು ಹೊರಗೆ ಚೌಕದ ಬೆಂಚಿನ ಮೇಲೆ ಕೂತಿದ್ದೆ. ಫೋನ್ ಕೈಯಲ್ಲೇ ಇತ್ತು. 'ಅಪ್ಪ' ಎಂದು ಬಂತು. ಪರೀಕ್ಷೆಗೆ ಮೊದಲು ಅವನ ಆ ಕಾಯಿಲೆಯ ದನಿ ಕೇಳುವುದು ನನಗೆ ಬೇಡವಾಗಿತ್ತು. ಒಂಬತ್ತು ಸಲ ರಿಂಗಾಯಿತು, ನೋಡುತ್ತ ಕೂತೆ. ನಿಂತ ಮೇಲೆ ಟಿಪ್ಪಣಿಯ ಹಾಳೆ ತಿರುವಿದೆ.

ಅಮ್ಮ ಎಷ್ಟೇ ಚೆನ್ನಾಗಿ ಅಪ್ಪನಾದರೂ ನಾನು ಮಾಡದ ತಪ್ಪನ್ನೇ ಕ್ಷಮಿಸುತ್ತಿದ್ದಾಳೆ. ಮಾಡಿದ್ದು ಅವಳಿಗೆ ಗೊತ್ತೇ ಇಲ್ಲ.

ಈಗ ಮಧ್ಯಾಹ್ನ ಒಂದೂಮುಕ್ಕಾಲು. ಅಡುಗೆಮನೆಯಲ್ಲಿ ಅಮ್ಮ ಕೊನೆಯ ತಟ್ಟೆ ಒರೆಸುತ್ತಿದ್ದಾಳೆ. ನಾನು ಇವತ್ತು ನನ್ನ ಕೋಣೆಗೆ ಹೋಗುವುದಿಲ್ಲ. ಆ ಯಂತ್ರದ ಪಕ್ಕ ಇನ್ನೊಂದು ಕುರ್ಚಿ ಹಾಕಿದ್ದೇನೆ. ಅವಳು ಬಂದು ಕೂರಲಿ, ಯಂತ್ರ ಹಾಕುವ ಮೊದಲೇ ಆ ಬೆಂಚಿನ ಮಾತು ಹೇಳಿಬಿಡುತ್ತೇನೆ.